ನಡುವಿನ ಮನೆ ಹೊರಗಂತೆ

ನಮ್ಮ ಅಕ್ಕನಿಗೆ ಮೂಗಿನ ತುದಿಯಲ್ಲೇ ಕೋಪ. ಇಪ್ಪತ್ತಾರು ವರ್ಷದಿಂದ ಮನೆಮನೆಗೆ ಹೋಗಿ, ಹಾಸಿಗೆ ಹಿಡಿದವರ ಹುಣ್ಣು ತೊಳೆದು ಪಟ್ಟಿ ಕಟ್ಟುವ ನರ್ಸು. ಎಂಥ ಗಾಯ ಕಂಡರೂ ಮುಖ ಸಿಂಡರಿಸಿದವಳಲ್ಲ, ಸುಳ್ಳು ಕಂಡರೆ ಮಾತ್ರ ಮೈಯೆಲ್ಲ ಉರಿಯುತ್ತದೆ. ಅಂಥವಳ ಕೈಗೇ ಆಫೀಸಿನಿಂದ ಕಾಗದ ಬಂದಿತ್ತು: ಹನ್ನೊಂದು ಭೇಟಿ ಸುಳ್ಳು, ಸೋಮವಾರದೊಳಗೆ ತಕ್ಕ ಉತ್ತರ ಕೊಡದಿದ್ದರೆ ಕೆಲಸದಿಂದ ವಜಾ.

ಕಾಗದವನ್ನು ನನ್ನ ಮೇಜಿನ ಮೇಲೆ ಕುಕ್ಕಿದಳು. "ನಿನ್ನ ಘನಂದಾರಿ ಪ್ರೋಗ್ರಾಮ್ ಮಾಡಿದ ಕೆಲಸ ನೋಡು!"

ಪ್ರೋಗ್ರಾಮ್ ಬರೆದವನು ನಾನೇ. ನರ್ಸು ರೋಗಿಯ ಮನೆಯಲ್ಲಿ ಫೋನ್ ಒತ್ತಿ ಭೇಟಿ ದಾಖಲಿಸಿದಾಗ, ಆ ಫೋನು ಅವಳಿಗೆ ವಹಿಸಿದ ಬಡಾವಣೆಯ ಗಡಿಯೊಳಗಿದೆಯೋ ಇಲ್ಲವೋ ಎಂದು ಅದು ನೋಡುತ್ತದೆ. ಫೋನಿರುವ ಬಿಂದುವಿನಿಂದ ನೇರ ಪೂರ್ವಕ್ಕೊಂದು ಗೆರೆ ಎಳೆದು, ಆ ಗೆರೆ ಗಡಿಯನ್ನು ಎಷ್ಟು ಸಲ ದಾಟಿತೆಂದು ಎಣಿಸುತ್ತದೆ. ಬೆಸ ಬಂದರೆ ಒಳಗೆ, ಸಮ ಬಂದರೆ ಹೊರಗೆ. ಮೂರು ತಿಂಗಳ ಹಿಂದೆ ಇದೇ ಲೆಕ್ಕದಲ್ಲಿ, ಎಲ್ಲರೂ ಗುಬ್ಬಿ ಎನ್ನುವ ನರ್ಸೊಬ್ಬಳು ಸಿಕ್ಕಿಬಿದ್ದು ಕೆಲಸ ಕಳೆದುಕೊಂಡಿದ್ದಳು. ಯಂತ್ರದ ಕಣ್ಣಿಗೆ ಮಣ್ಣೆರಚುವುದು ಸುಲಭವಲ್ಲ ಎಂದು ಅವತ್ತು ಊಟಕ್ಕೆ ಕೂತಾಗ ನಾನು ಬೀಗಿದ್ದೆ.

"ನೀನು ಗಡಿ ಆಚೆ ಎಲ್ಲೋ ನಿಂತು ಒತ್ತಿರ್ಬೇಕು ಅಕ್ಕ," ಎಂದೆ. ಬಾಯಿ ಮುಚ್ಚಿಕೊಂಡಿರಬೇಕಿತ್ತು.

"ಅಂದ್ರೆ ನಾನೂ ಕಳ್ಳಿನಾ? ಏಳು ಮೇಲೆ!"

ದರದರ ಎಳೆದುಕೊಂಡೇ ಹೋದಳು. ಲಕ್ವ ಹೊಡೆದು ಮಲಗಿರುವ ಟೈಲರೊಬ್ಬರ ಮನೆ. ಆ ಹನ್ನೊಂದು ಭೇಟಿಯೂ ಇಲ್ಲಿಯವೇ. ಮಂಚದ ಪಕ್ಕದಲ್ಲೇ ನಿಂತು ಫೋನ್ ಒತ್ತಿದಳು. "ಗಡಿಯ ಹೊರಗೆ" ಎಂದು ಕೆಂಪಕ್ಷರ ಬಂತು. ಬಡಗಣ ಮನೆಯ ಬಾಗಿಲಲ್ಲಿ ಒತ್ತಿದಳು, ಒಳಗೆ. ತೆಂಕಣ ಮನೆಯದ್ದೂ ಒಳಗೆ.

"ಆ ಕಡೆ ಮನೆ ಒಳಗೆ, ಈ ಕಡೆ ಮನೆ ಒಳಗೆ. ನಡುವಿನದ್ದು ಮಾತ್ರ ಎದ್ದು ಹೊರಗೆ ಹೋಯ್ತೇನೋ, ಮಹಾ ಬುದ್ಧಿವಂತ?"

ಟೈಲರು ಸೊಟ್ಟ ಬಾಯಲ್ಲೇ ನಕ್ಕರು. "ಎದ್ದು ಹೊರಗೆ ಹೋಗೋಕಾಗಿದ್ರೆ ಸಿಸ್ಟರ್ ಯಾಕೆ ಬರ್ಬೇಕಿತ್ತು?"

ಅಲ್ಲೇ ಸ್ಟೂಲಿನ ಮೇಲೆ ಲ್ಯಾಪ್‌ಟಾಪ್ ತೆರೆದೆ. ಈ ಮನೆಯಿಂದ ಹೊರಟ ಗೆರೆ ಸರಿಯಾಗಿ ಗಡಿಯ ಪೂರ್ವದ ಮೂಲೆಗೇ ಹೋಗಿ ತಾಗುತ್ತಿತ್ತು. ಅಲ್ಲಿ ಗಡಿಯ ಎರಡು ಅಂಚುಗಳು ಕೂಡುತ್ತವೆ. ಗೆರೆ ದಾಟಿದ್ದು ಒಂದೇ ಸಲ, ನನ್ನ ಪ್ರೋಗ್ರಾಮ್ ಆ ಮೂಲೆಯನ್ನು ಎರಡೂ ಅಂಚುಗಳ ಲೆಕ್ಕಕ್ಕೆ ಹಿಡಿದು ಎರಡು ಎಂದು ಎಣಿಸಿತ್ತು. ಮೂಲೆಯನ್ನು ಒಂದೇ ಅಂಚಿಗೆ ಸೇರಿಸಬೇಕೆಂಬುದು ಈ ಕೆಲಸದ ಮೊದಲ ಪಾಠ. ಥೂ, ನನ್ನ ಜನ್ಮಕ್ಕಿಷ್ಟು!

ತಿದ್ದಿ, ಹಳೆಯ ದಾಖಲೆಗಳನ್ನೆಲ್ಲ ಮತ್ತೆ ಪರೀಕ್ಷೆಗೆ ಹಾಕಿದೆ. ಅಕ್ಕನ ಹನ್ನೊಂದೂ ಭೇಟಿ ಒಳಗೆ ಬಂದವು. ಅವುಗಳ ಕೆಳಗೆ ಇನ್ನೂ ಒಂಬತ್ತು ಒಳಗೆ ಬಂದವು. ಬೇರೆ ಬಡಾವಣೆಯವು, ಒಂಬತ್ತೂ ಗುಬ್ಬಿಯವು.

ಈಗ ಬೈಗುಳದ ಸುರಿಮಳೆ ಎಂದುಕೊಂಡು ತಲೆ ತಗ್ಗಿಸಿದೆ. ಅಕ್ಕ ಬೈಯಲಿಲ್ಲ. ತೆರೆಯ ಮೇಲಿದ್ದ ಗುಬ್ಬಿಯ ಹೆಸರಿನ ಮೇಲೆ ಬೆರಳಿಟ್ಟಳು.

"ಅಳ್ತಾ ಮನೆಗೆ ಬಂದಿದ್ಲು ಕಣೋ. 'ಹೋಗಿದ್ದೆ ಅಕ್ಕ, ನಿಜವಾಗ್ಲೂ ಹೋಗಿದ್ದೆ' ಅಂತ ಬಡ್ಕೊಂಡ್ಲು. ಕಂಪ್ಯೂಟರ್ ಸುಳ್ಳು ಹೇಳುತ್ತಾ ಅಂದು ಮುಖದ ಮೇಲೇ ಬಾಗಿಲು ಹಾಕ್ದೆ."

ಚೀಲ ಹೆಗಲಿಗೇರಿಸಿದಳು. "ನಡಿ. ಆಫೀಸು ಆಮೇಲೆ, ಮೊದಲು ಅವಳ ಮನೆ. ನೀನು ನನ್ನ ಹಿಂದೆ ನಿಂತ್ಕೋ. ಮೊದಲು ನಾನು ಕ್ಷಮೆ ಕೇಳ್ಬೇಕು."