ಗುರುತಿನ ಕೆಳಗಿನ ಹೊಳೆ

…ಬಲಗೈ ಹೆಬ್ಬೆರಳೇ ಇರಬೇಕು, ಉಗುರಿನ ಪಕ್ಕ ಸುಟ್ಟ ಕಪ್ಪು ಕಲೆ. ಆದರೆ ನೆನಪಿನಲ್ಲಿ ಮೇಡಂ ಸೀಮೆಸುಣ್ಣ ಹಿಡಿಯುವುದು ಎಡಗೈಯಲ್ಲಿ. ಕಲೆಯೂ ಅಲ್ಲೇ ಇರುತ್ತದೆ. ಎರಡರಲ್ಲಿ ಒಂದನ್ನು ನಾನೇ ಕಟ್ಟಿಕೊಂಡಿದ್ದೇನೆ.

ಚಿಕ್ಕೋಡಿಯ ಕಾಲೇಜಿನಲ್ಲಿ ಸಿ ಪ್ರೋಗ್ರಾಮಿಂಗ್ ಕಲಿಸುತ್ತಿದ್ದ ಹಿರಿಯ ಮೇಡಂ ಅವರು. ನಾನು ಆಗಷ್ಟೇ ಅಲ್ಲಿ ಕೆಲಸಕ್ಕೆ ಸೇರಿದ್ದೆ. ಒಂದರಿಂದ ಇನ್ನೊಂದನ್ನು ಕಳೆಯಲು ಯಾರು ಎಲ್ಲಿ ಮೈನಸ್ ಬರೆದರೂ ಅವರದು ಒಂದೇ ಮಾತು: “ದೊಡ್ಡದು ಯಾವುದು? ನಿನಗ ಹೆಂಗ ಗೊತ್ತು?”

ಉಗಾರ ಬುದ್ರುಕದ ರೈತರು ಹೊಳೆಯಿಂದ ಕಬ್ಬಿಗೆ ನೀರೆತ್ತುವ ಮೋಟಾರಿಗೆ, ನೀರು ತಗ್ಗಿದಾಗ ತಾನೇ ನಿಲ್ಲಿಸುವ ಯಂತ್ರ ಮಾಡಿಕೊಡಲು ನಮ್ಮಿಬ್ಬರನ್ನು ಕೇಳಿದ್ದರು. ನೀರಿಲ್ಲದೆ ಓಡಿದರೆ ಮೋಟಾರು ಸುಡುತ್ತದೆ. ಬೇಸಿಗೆಯಲ್ಲಿ ಸುಟ್ಟರೆ ಕಬ್ಬು ಹೋದಂತೆಯೇ. ಪಂಪ್ ನೋಡಿಕೊಳ್ಳುವ ಅಜ್ಜ, ಹೊಳೆಯ ನೀರೇ ಬಂದು ನಿಲ್ಲುವ ದಡದ ಬಾವಿಯ ಗೋಡೆಯ ಮೇಲೊಂದು ಗುರುತು ತೋರಿಸಿದರು.

“ಇದರ ಕೆಳಗ ಹೊಳಿ ಎಂದೂ ಇಳದಿಲ್ರಿ. ನಮ್ಮಪ್ಪನ ಕಾಲದಿಂದ.”

“ನಿಮ್ಮಪ್ಪಗ ಹೊಳಿ ಬರದು ಕೊಟ್ಟೈತೇನ್ರಿ?” ಎಂದರು ಮೇಡಂ.

“ಹೊಳಿಗೆ ಸಾಲಿ ಕಲಿಸಿದವರು ಯಾರ್ರಿ, ಬರದು ಕೊಡಾಕ?”

ನಾನು ಅಜ್ಜನನ್ನು ನಂಬಿದೆ. ನೀರಿನ ಮಟ್ಟದಿಂದ ಗುರುತಿನ ಎತ್ತರ ಕಳೆದು, ಉಳಿದದ್ದು ಒಂದು ಮೊಳಕ್ಕಿಂತ ಹೆಚ್ಚಿದ್ದರೆ ಮೋಟಾರು ಓಡಲಿ ಎಂದು ಯಂತ್ರದ ಪ್ರೋಗ್ರಾಮಿನಲ್ಲಿ ಬರೆದೆ. ಉಳಿಕೆ ಮೈನಸ್ ಆಗುವುದಿಲ್ಲವಲ್ಲ, ಮೈನಸ್ ಚಿಹ್ನೆಯೇ ಇಲ್ಲದ ಅನ್‌ಸೈನ್ಡ್ ಸಂಖ್ಯೆ ಸಾಕೆನಿಸಿತು.

ಮೇಡಂ ಯಂತ್ರವನ್ನು ಬಕೆಟ್ಟಿನ ನೀರಿನಲ್ಲಿ ಪರೀಕ್ಷೆಗಿಟ್ಟು, ನೀರನ್ನು ಅಲ್ಲಿ ಹಾಕಿಕೊಂಡ ಗುರುತಿಗಿಂತ ತುಸು ಕೆಳಗಿನವರೆಗೆ ಚೆಲ್ಲಿದರು. ನಿಂತಿದ್ದ ರಿಲೇ, ಅಂದರೆ ಮೋಟಾರಿನ ಸ್ವಿಚ್ಚು, ಟಕ್ಕೆಂದು ಮತ್ತೆ ಚಾಲೂ ಆಯಿತು. ಪರದೆಯ ಮೇಲೆ 65535. ಮೈನಸ್ ಒಂದನ್ನು ಹಿಡಿಯಲಾಗದ ಸಂಖ್ಯೆ ಹಿಂದಕ್ಕೆ ಸುತ್ತಿ ತುತ್ತತುದಿಗೆ, ತನ್ನ ಅತಿ ದೊಡ್ಡ ಅಂಕಿಗೆ ಹೋಗಿ ಕೂತಿತ್ತು.

“ನೋಡು ತಂಗಿ, ನೀರ ಇಲ್ಲಂದ್ರ ಅದಕ್ಕ ಸಮುದ್ರ ಕಾಣತೈತಿ.”

ಕಳೆಯುವ ಮೊದಲು ಎರಡರಲ್ಲಿ ದೊಡ್ಡದು ಯಾವುದೆಂದು ಹೋಲಿಸಿ, ನೀರು ಗುರುತಿನ ಕೆಳಗಿದ್ದರೆ ಮೋಟಾರು ನಿಲ್ಲಿಸುವ ಸಾಲು ಬರೆದೆವು. ಬೆರಳಚ್ಚಿಸಿದವಳು ನಾನು ಎಂದು ಹೇಳುತ್ತ ಬಂದಿದ್ದೇನೆ. ಅದನ್ನೂ ಪೂರ್ತಿ ನಂಬಬೇಡಿ.

ಒಂದು ಬೇಸಿಗೆಯಲ್ಲಿ ಅಜ್ಜನ ಫೋನು: “ಮಿಷಿನ್ ಕೆಟ್ಟೈತ್ರಿ, ಮೋಟಾರ್ ಹತ್ತವಲ್ದು.” ಮೇಡಂ, ನಾನು ಹೋಗಿ ನೋಡಿದರೆ ಗುರುತಿನ ಕೆಳಗೆ ಒದ್ದೆ ಗೋಡೆ, ಅದರ ಕೆಳಗೆ ಕೆಸರು. ಅಜ್ಜ ಬಹಳ ಹೊತ್ತು ಬಗ್ಗಿ ನೋಡಿದರು.

“ಹೊಳಿ ನಮಗ ಸುಳ್ಳ ಹೇಳಿತ್ರಿ.”

“ಹೊಳಿ ಏನೂ ಹೇಳಿಲ್ರಿ ಅಜ್ಜಾರ,” ಎಂದರು ಮೇಡಂ.

ಮೋಟಾರು ಉಳಿಯಿತು. ನೀರು ಮತ್ತೆ ಏರಿದಾಗ ತಾನೇ ಚಾಲೂ ಆಯಿತು, ಕಬ್ಬೂ ಉಳಿಯಿತು.

ಮೇಡಂ ಈಗಿಲ್ಲ. ಇಂದಿಗೂ ಮೈನಸ್ ಬರೆಯುವ ಮುನ್ನ ನನ್ನ ಕೈ ನಿಲ್ಲುತ್ತದೆ. ಎಲ್ಲರೂ ಆಣೆ ಮಾಡಿ ಹೇಳಿದ್ದನ್ನೂ ಅನುಮಾನಿಸುವುದನ್ನು ಅವರಿಗೆ ಯಾವುದು ಕಲಿಸಿತ್ತು? ಅದಕ್ಕೂ ಮೊದಲು ಎಲ್ಲಿ, ಯಾರ ಮೋಟಾರು ಸುಟ್ಟಿತ್ತು? ಆ ಬೆರಳಿನ ಕಲೆ ಬೆಸುಗೆ ಹಾಕುವಾಗ ಆದದ್ದೆಂದು ನಾನೇ ಅಂದುಕೊಂಡಿದ್ದೆ. ಕೇಳಲಿಲ್ಲ. ಗೊತ್ತಿಲ್ಲ.