ಲೆಕ್ಕದ ಮೇಷ್ಟ್ರು ಅತ್ತ ದಿನ

“ಅಳೋದು ಆಮ್ಯಾಕೆ, ಮೊದ್ಲು ಬರ್ಕಳಿ ಮೇಷ್ಟ್ರೇ. ಗ್ಯಾಸಿನ ತಿರುಪು ಸಡಿಲೈತೆ. ಬೇಳೆ ಡಬ್ಬಕ್ಕೆ ಇರುವೆ ಹತ್ತುತವೆ. ಮೂರನೇ ಕ್ಲಾಸಿನ ನಿಂಗಿಗೆ ಖಾರ ಆಗಾಕಿಲ್ಲ.”

ದೊಡ್ಡೇರಿ ಹತ್ತಿರದ ನಮ್ಮ ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಿದ್ದ ಗೌರಮ್ಮನವರ ಕೊನೆಯ ದಿನ ಅದು. ಬೀಳ್ಕೊಡುಗೆಗೆ ಎರಡು ಮಾತಾಡಲು ಎದ್ದ ನಾನು, ಗಣಿತದ ಮೇಷ್ಟ್ರು, ಮಕ್ಕಳೆದುರೇ ಬಿಕ್ಕಿ ಬಿಕ್ಕಿ ಅಳುತ್ತಿದ್ದೆ. ಯಾವ ಮಗುವಿನ ಮಂಡಿ ತರಚಿದರೂ ಕಣ್ಣೊರೆಸಿಕೊಳ್ಳುತ್ತಿದ್ದ ಗೌರಮ್ಮ ಮಾತ್ರ ಒಂದೊಂದೇ ಬೆರಳು ಮಡಚುತ್ತಾ ಪಟ್ಟಿ ಹೇಳುತ್ತಿದ್ದರು. ನಾನು ಅಳುತ್ತಲೇ ಅದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದೆ.

ಹಿಂದಿನ ವಾರವಷ್ಟೇ ಮಧುಗಿರಿಯಲ್ಲಿ ನಮಗೆ ವ್ಯಕ್ತಿತ್ವದ ಬಗೆಗಳ ಕುರಿತು ತರಬೇತಿ ಆಗಿತ್ತು. ಪ್ರಶ್ನೆಗಳಿಗೆ ಗುರುತು ಹಾಕಿದಾಗ ನನ್ನಲ್ಲಿ ತರ್ಕ ಎಲ್ಲಕ್ಕಿಂತ ಮುಂದೆ, ಭಾವನೆ ಎಲ್ಲಕ್ಕಿಂತ ಹಿಂದೆ ಎಂದು ಬಂತು. ಅದನ್ನು ಸ್ಟಾಫ್ ರೂಮಿನಲ್ಲಿ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ್ದೆ. “ಇವೆರಡೂ ಜೋಡಿ, ಬಾವಿಯಿಂದ ನೀರೆತ್ತುವ ಏತದ ಎರಡು ತುದಿ ಇದ್ದಂತೆ. ಒಂದು ಮೇಲಿದ್ದರೆ ಇನ್ನೊಂದು ಕೆಳಗಿರುತ್ತದೆಯೇ ಹೊರತು ಇಲ್ಲವೆಂದಲ್ಲ. ಸಮಯ ಬಂದಾಗ ತಟ್ಟನೆ ಮೇಲೇಳುತ್ತದೆ” ಎಂದು ತರಬೇತಿ ಕೊಟ್ಟವರು ಹೇಳಿದ್ದು ಮಾತ್ರ ನನ್ನ ತಲೆಗೆ ಹೋಗಿರಲಿಲ್ಲ. ಈಗ ನನ್ನ ಏತವೂ ಮೇಲುಕೆಳಗಾಗಿತ್ತು, ಗೌರಮ್ಮನವರದೂ ಮೇಲುಕೆಳಗಾಗಿತ್ತು.

ಪಟ್ಟಿ ಮುಗಿಸಿ ಅವರು, “ಆಯ್ತಾ? ಈಗ ಎಷ್ಟ್ ಬೇಕಾದ್ರೂ ಅತ್ಕಳಿ” ಅಂದರು. ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ಅವರೊಂದಿಗೆ ನಾನೂ ನಕ್ಕೆ.

ಆ ಚೀಟಿ ಈಗಲೂ ಅಡುಗೆಕೋಣೆಯ ಬಾಗಿಲಲ್ಲಿದೆ. ಮೂರನೇ ಸಾಲಿನ ಶಾಯಿ ಯಾಕೆ ಹರಡಿದೆ ಎಂದು ಹೊಸದಾಗಿ ಬಂದ ಅಡುಗೆಯವರು ಕೇಳಿದರು. “ನೀರು ಬಿದ್ದಿತ್ತು. ನಿಂಗಿಗೆ ಖಾರ ಕಮ್ಮಿ ಹಾಕಿ” ಎಂದೆ.