ಎಷ್ಟು ತಪ್ಪಬೇಕು

ಕುಂದಗೋಳದ ನಮ್ಮ ಮನೆಯಲ್ಲಿ ಬೆಳಗಾಗುತ್ತಿದ್ದುದೇ ಅಪ್ಪನ ತಂಬೂರಿ, ಭಜನೆಗಳಿಂದ. ಅಂಥ ಮನೆಗೆ ನಾನು, ಮೂವತ್ತು ದಾಟಿದ ಹೈಸ್ಕೂಲು ಟೀಚರು, ಹುಬ್ಬಳ್ಳಿಯಿಂದ ಎಲೆಕ್ಟ್ರಿಕ್ ಗಿಟಾರ್ ಹೊತ್ತು ತಂದೆ. ಮೊಬೈಲಿನಲ್ಲಿ ಕೇಳಿದ ಪಂಕ್ ರಾಕ್ ಎಂಬ ಒರಟು, ಕಿರುಚಾಟದ ಪಾಶ್ಚಾತ್ಯ ಸಂಗೀತ ತಲೆ ಕೆಡಿಸಿತ್ತು. ಯಾಕೆಂದು ಕೇಳಿದರೆ ಆಗಲೂ ಹೇಳಲಾಗುತ್ತಿರಲಿಲ್ಲ, ಈಗಲೂ ಆಗದು.

ಆನ್‌ಲೈನಿನಲ್ಲಿ ಕಲಿಸುತ್ತಿದ್ದ ಪುಣೆಯ ಮಾಸ್ತರು ಹೇಳಿದ್ದು ಸರಳವಾಗಿತ್ತು. ಎರಡು ತಂತಿ ಒತ್ತಿ ಹಿಡಿ, ಮಿಕ್ಕವು ದನಿ ಮಾಡದಂತೆ ಬೆರಳು ತಾಗಿಸು, ಮೇಲಿಂದ ಕೆಳಕ್ಕಷ್ಟೇ ಬಾರಿಸು, ತಪ್ಪಿದರೆ ನಿಲ್ಲಬೇಡ. ಹಾಗೆಯೇ ಬಾರಿಸಿದರೆ ಪಕ್ಕದ ಕೋಣೆಯಿಂದ ಅಪ್ಪ, “ತಪ್ಪಿತಲ್ಲ, ಮತ್ತ ಮೊದಲಿಂದ ಹಿಡಿ” ಎನ್ನುತ್ತಿದ್ದರು. ಯಾರ ಮಾತು ಕೇಳಬೇಕೆಂದು ತಿಳಿಯದೆ ನಡುವೆಯೇ ಬಾರಿಸುವುದನ್ನು ನಿಲ್ಲಿಸುತ್ತಿದ್ದೆ.

ಹಾಡು ಬರೆಯುವ ಪಾಠ ಇನ್ನೂ ಕಷ್ಟ. ಯಾವುದಕ್ಕೆ ಸಿಟ್ಟು ಬರುತ್ತದೋ ಅದನ್ನೇ ಬರೆ ಎಂದರು ಮಾಸ್ತರು. ಬರೆಯಲು ಕೂತರೆ ಸಿಟ್ಟು ಕೂಡ ಭಜನೆಯ ಧಾಟಿಗೆ ಹೊರಳುತ್ತಿತ್ತು. ಸಾಲಿನ ಕೊನೆಗೆ ತಾನಾಗಿಯೇ ದೇವರನ್ನು ಕರೆಯುವ ಒಂದು ‘ತಂದೆ’ ಬಂದು ಕೂರುತ್ತಿತ್ತು.

ಒಂದು ಮುಂಜಾನೆ ಅವ್ವ ಅಂಗಳದ ನಲ್ಲಿಯ ಬಳಿಯಿಂದ ಕೂಗಿದಳು: “ನಳಾ ಬಂತು! ಕೊಡಾ ತರ್ರಿ! ಎಲ್ಲಿ ಸತ್ತೀರಿ ಎಲ್ಲಾರೂ? ಹೋತು, ಹೋತು!”

ನಾನು ಕೊಡದ ಬದಲು ಗಿಟಾರ್ ಎತ್ತಿಕೊಂಡೆ. ನಮ್ಮಲ್ಲೇ ಇರುತ್ತಿದ್ದ ಭಜನಾ ಮಂಡಳಿಯ ಹಳೆಯ ಆಂಪ್ಲಿಫೈಯರಿಗೆ ವೈರು ಚುಚ್ಚಿ, ಅವಳ ಮಾತನ್ನೇ ಗಿಟಾರಿನ ಮೂರೇ ಸ್ವರಗುಚ್ಛಗಳ ಮೇಲೆ ಕಿರುಚಿದೆ. ಡಬ್ಬಿಯೊಳಗೆ ಕಲ್ಲು ಅಲ್ಲಾಡಿಸಿದಂಥ ಸದ್ದು.

ಅವ್ವ ಒದ್ದೆ ಸೆರಗಿನಲ್ಲೇ ಒಳಗೆ ಬಂದಳು. “ನಾ ಬೈದದ್ದನ್ನ ಹಾಡ ಮಾಡೀಯೇನಬೇ?” ಸಿಟ್ಟೋ ನಗುವೋ ತಿಳಿಯಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಅಪ್ಪ ಬೈಯುತ್ತಾರೆಂದುಕೊಂಡೆ. ಅವರು ಕೇಳಿದ್ದು, “ಇದರಾಗ ಸುರ ತಪ್ಪಬೇಕಂತೇನು?”

“ಹೌದಪ್ಪಾ, ಹಂಗಂತಾರ.”

“ಎಷ್ಟು ತಪ್ಪಬೇಕು?”

ಅಣಕವಿರಲಿಲ್ಲ. ನಿಜಕ್ಕೂ ತಿಳಿಯಲೆಂದೇ ಕೇಳಿದ್ದರು.

ರೆಕಾರ್ಡ್ ಮಾಡಿ ಮಾಸ್ತರಿಗೆ ಕಳಿಸಿದೆ. ಗಂಟಲು ಬಹಳ ಸುರದಲ್ಲಿದೆ, ಇದು ಪಂಕ್ ಆಗಲಿಲ್ಲ ಎಂದರು. ಅದನ್ನೇ ಅಪ್ಪನಿಗೆ ಕೇಳಿಸಿದರೆ, “ಅಗದಿ ಬೇಸೂರ ಆಗೇತಿ” ಎಂದರು. ಒಂದೇ ಹಾಡು, ಒಂದೇ ಗಂಟಲು. ಯಾರನ್ನು ನಂಬಲಿ?

ಅವ್ವನ ಬೇಜಾರು ಬೇರೆಯೇ. “ಬಾಜೂ ಮನಿಯವ್ರು ಮೋಟರ್ ಹಚ್ಚಿ ನೀರ ಎಳೀತಾರ, ಹಾಡಿನಾಗ ಅದನ್ಯಾಕ ಬಿಟ್ಟಿ?”

ಮರುದಿನ ಹಾಡಲು ಅವಳನ್ನೇ ಪಕ್ಕದಲ್ಲಿ ನಿಲ್ಲಿಸಿಕೊಂಡೆ. ಅವಳು ಆ ಮೋಟರಿನ ಸಾಲನ್ನು ತಾಳಕ್ಕೂ ಮೊದಲೇ ಕೂಗಿಬಿಟ್ಟಳು, ನಾನು ಗಿಟಾರ್ ಹಿಡಿದು ಹಿಂದೆ ಹಿಂದೆ ಓಡಿದೆ. ಆ ಪಕ್ಕದ ಮನೆಯ ಕಿಟಕಿ ಪಟ್ಟನೆ ಮುಚ್ಚಿಕೊಂಡಿತು. ಅವರಿಗೆ ಮುಟ್ಟಿದ್ದು ಮಾತೋ, ಬರೀ ಸದ್ದೋ, ನಮಗಿಬ್ಬರಿಗೂ ತಿಳಿಯಲಿಲ್ಲ.